ಕಾಳು ಹಾಕುವ ಕಟ್ಟೆ

ದೌಲತರಾಯನ ಫಜೀತಿಗೆಲ್ಲ ಮೂಲ ಒಂದು ಕಾಗೆ. ಹೆಂಡತಿ ಗುರುಶಾಂತಮ್ಮ ಚಳಿಜ್ವರದಲ್ಲಿ ತೀರಿಕೊಂಡಳು. ತೋಟದಲ್ಲಿ ಅವಳೇ ನೆಟ್ಟ ಮಾವಿನ ಗಿಡದ ಬುಡಕ್ಕೆ ಅವಳನ್ನು ಮಣ್ಣು ಮಾಡಿ ಹದಿನೈದು ದಿನವೂ ಆಗಿರಲಿಲ್ಲ, ಆ ದರಿದ್ರ ಕಾಗೆ ಬಂದು ಅವಳ ಸಮಾಧಿಯ ಗದ್ದುಗೆಯ ಮೇಲೆ ಹಿಕ್ಕೆ ಹಾಕಿತು. ಅವತ್ತು ಕವಣೆ ಹಿಡಿದ ದೌಲತರಾಯ ವರ್ಷವಾದರೂ ಕೆಳಗಿಡಲಿಲ್ಲ. ಜೋಳದ ಹೊಲ ಕಾಯುವವರು ತೆನೆ ಕೊಯ್ದ ಮೇಲಾದರೂ ಮನೆಗೆ ಹೋಗುತ್ತಾರೆ. ಇವನಿಗೆ ಅದೂ ಇಲ್ಲ. ಅತನೂರಿನ ಹಕ್ಕಿಗಳೆಲ್ಲ ಅವನ ತೋಟವನ್ನು ಬಳಸಿಕೊಂಡು ಹಾರುವುದನ್ನು ಕಲಿತವು.

ಅದು ನಲವತ್ತೆಂಟನೆಯ ಇಸವಿಯ ಬೇಸಿಗೆ. ಊರಿನ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಲೂಟಿ, ಬೆಂಕಿಗೆ ಹೆದರಿದವರು ಸಂಸ್ಥಾನದ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದರು. ಮಗನೂ ಹೊರಟು, ಅಪ್ಪನನ್ನು ಕರೆದಿದ್ದ.

"ಆಕೀನ್ನ ಒಬ್ಬಾಕೀನ ಬಿಟ್ಟು ಎಲ್ಲಿ ಬರ್ಲೆಪಾ? ಆಕಿ ಬಾಜೂಕ ನನಗೂ ಜಾಗ ಅಳತಿ ಮಾಡಿ ಇಟ್ಟೇನಿ" ಎಂದು ದೌಲತರಾಯ ಉಳಿದುಕೊಂಡ. ಆ ಕೆಟ್ಟ ಕಾಲದಲ್ಲಿ ಅವನಿಗಿದ್ದ ಆಸೆ ಅಷ್ಟೇ, ಹೆಂಡತಿಯ ಪಕ್ಕದಲ್ಲಿ ಎರಡೂವರೆ ಮೊಳ ಅಗಲದ ಜಾಗ.

ಒಂದು ಮುಂಜಾನೆ ಕುರಿ ಕಾಯುವ ಮಾಳಿಂಗಪ್ಪ ಏದುಸಿರು ಬಿಡುತ್ತ ಓಡಿ ಬಂದ.

"ಗೌಡ್ರ, ಹೊಲ ತಪಾಸ್ ಮಾಡೋ ಗಿರ್ದಾವರ ಸಾಹೇಬ್ರು ಬರಾಕತ್ತಾರ! ಇದ್ದಲಿ ಸುಡಾಕ ಗಿಡ ಕಡಸ್ತಾರಂತ. ಕರಜಗ್ಯಾಗ ನಿನ್ನೆ ಮೂರು ತ್ವಾಟ ಬೋಳ ಆದ್ವು."

ದೌಲತರಾಯ ಮಾವಿನ ಬುಡದ ಕಡೆ ತಿರುಗಿ ನೋಡಿದ. ಗಿಡ ಕಡಿದವರು ಬೊಡ್ಡೆಯನ್ನೂ ಅಗೆಯುತ್ತಾರೆ. ಬೊಡ್ಡೆ ಅಗೆದರೆ ಗುರುಶಾಂತಮ್ಮನ ಗತಿ?

"ಸಾಹೇಬ್ರಿಗೆ ಪಾರಿವಾಳದ ಹುಚ್ಚು ಭಾಳ ಐತ್ರಿ. ಈ ತ್ವಾಟ ನಮ್ಮ ಮುತ್ಯಾ ಹಕ್ಕಿಗೋಳಿಗೆ ಬಿಟ್ಟುಕೊಟ್ಟಾನ, ನಮ್ದಲ್ಲ ಅಂದುಬಿಡ್ರಿ. ಅವ್ರು ಮುಟ್ಟಂಗಿಲ್ಲ" ಎಂದ ಮಾಳಿಂಗಪ್ಪ.

"ಹಕ್ಕಿ ಎಲ್ಲಿ ಅದಾವಲೇ?"

ಇಬ್ಬರೂ ತಲೆ ಎತ್ತಿ ನೋಡಿದರು. ಇಪ್ಪತ್ತು ಮಾವು, ಎಂಟು ಪೇರಲ, ಒಂದು ಹುಣಸೆ. ಒಂದು ಗುಬ್ಬಿಯೂ ಇರಲಿಲ್ಲ.

ಬಾಜೂ ಮನೆಯ ಸಕ್ಕುಬಾಯಿಯನ್ನು ಯಾರೂ ಕರೆದಿರಲಿಲ್ಲ. ಕರೆಯದೆ ಬರುವುದರಲ್ಲಿ ಅವಳು ಎತ್ತಿದ ಕೈ. "ಕೋಳಿ ಏನು ಹಕ್ಕಿ ಅಲ್ಲೇನು ಮಾಮಾ?" ಎಂದವಳೇ ತನ್ನ ಏಳು ಕೋಳಿ ತಂದು ಪೇರಲ ಗಿಡಕ್ಕೆ ಹತ್ತಿಸಿದಳು. ಹಿಂದಿನ ಓಣಿಯ ಗೌಸಿಯಾಬೇಗಂ ಸಾಕಿದ ಗಿಳಿಯನ್ನು ಕೊಟ್ಟು ಕಳಿಸಿದಳು. ಮಾಳಿಂಗಪ್ಪ ಮಾವಿನ ಗಿಡ ಹತ್ತಿ ಗಿಳಿಯ ಕಾಲಿಗೆ ದಾರ ಕಟ್ಟಿ ಕೂರಿಸಿದ. ಗಿಳಿ ಅವನ ಕಿವಿ ಕಚ್ಚಿತು.

ಅಷ್ಟರಲ್ಲಿ ಗಿರ್ದಾವರ ಶರಫುದ್ದೀನ ಸಾಹೇಬರು ಕೊಡೆ ಹಿಡಿದು ಬಂದೇಬಿಟ್ಟರು. ಅವರು ಒಳಗೆ ಕಾಲಿಟ್ಟದ್ದೇ ತಡ, ಹುಂಜವೊಂದು ದೊಪ್ಪನೆ ಅವರ ಕಾಲ ಮುಂದೆ ಬಿತ್ತು.

"ಕೋಳಿ ಗಿಡದ ಮ್ಯಾಲ ಯಾಕ ಅದಾವು?"

"ಈ ತ್ವಾಟದ ಗಾಳಿ ಗುಣ ಹಂಗ ಅದರಿ ಸಾಹೇಬ್ರ" ಎಂದಳು ಸಕ್ಕುಬಾಯಿ.

"ಆವೋ, ಬೈಠೋ!" ಎಂದಿತು ಗಿಳಿ.

ಸಾಹೇಬರ ಮುಖ ಅರಳಿತು. ದೌಲತರಾಯ ಮುತ್ಯಾನ ಕತೆಯನ್ನು ತೊದಲುತ್ತ ಒಪ್ಪಿಸಿದ. ಸಾಹೇಬರು ತಲೆದೂಗುತ್ತ ನಡೆದವರು ಗದ್ದುಗೆಯ ಮುಂದೆ ನಿಂತುಬಿಟ್ಟರು.

"ಇದೇನು, ಗೋರಿ ಏನು?"

ಗೋರಿ ಎಂದರೆ ತೋಟ ಮನೆಯವರದ್ದು ಎಂದಾಗುತ್ತದೆ. ಹಕ್ಕಿಗಳ ಕತೆ ಅಲ್ಲಿಗೇ ಮುಗಿಯುತ್ತದೆ. ದೌಲತರಾಯನ ನಾಲಿಗೆ ಒಣಗಿತು. ಸಕ್ಕುಬಾಯಿಯ ನಾಲಿಗೆ ಒಣಗುವಂಥದ್ದಲ್ಲ.

"ಏ, ಗೋರಿ ಎಲ್ಲೀದ್ರಿ! ಹಕ್ಕಿಗೆ ಕಾಳು ಹಾಕೋ ಕಟ್ಟಿ ಅದು."

"ಹೌದೇನು ಗೌಡ್ರ?"

"ಹೌದ್ರಿ" ಎಂದ ದೌಲತರಾಯ.

ಸಕ್ಕುಬಾಯಿ ಕೋಳಿಗೆಂದು ಉಡಿಯಲ್ಲಿ ತಂದಿದ್ದ ಜೋಳದಲ್ಲಿ ಸಾಹೇಬರು ಒಂದು ಹಿಡಿ ಕೇಳಿ ಪಡೆದು ಗದ್ದುಗೆಯ ಮೇಲೆ ಚೆಲ್ಲಿದರು. ಏಳೂ ಕೋಳಿಗಳು ನುಗ್ಗಿ ಬಂದು ಕೆದರತೊಡಗಿದವು. ಎಲ್ಲಿದ್ದವೋ ಏನೋ, ಗುಬ್ಬಿ, ಗೊರವಂಕ, ಕಾಗೆ ಎಲ್ಲವೂ ಇಳಿದವು. ವರ್ಷದಿಂದ ಕಲ್ಲಿನೇಟು ತಿಂದ ಹಕ್ಕಿಗಳಿಗೆ ಇವತ್ತು ಇವನ ಕೈ ಕಟ್ಟಿಹೋಗಿದೆ ಎಂದು ಯಾರು ಹೇಳಿದರೋ! ದೌಲತರಾಯ ಕೈಮುಗಿದುಕೊಂಡು ನಕ್ಕ. ಹಾಗೆ ನಗುವ ಬದಲು ಸತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಮನುಷ್ಯಾರು ಊರು ಬಿಟ್ಟು ಹೊಂಟಾರ, ನೀವು ಹಕ್ಕಿಗೆ ಊರು ಕಟ್ಟೀರಿ" ಎಂದು ಸಾಹೇಬರು ಕಣ್ಣೊರಸಿಕೊಂಡರು. ಅಲ್ಲೇ ಕೂತು ಪಂಚನಾಮೆ ಬರೆದರು. ಸಕ್ಕುಬಾಯಿ, ಮಾಳಿಂಗಪ್ಪ ಪಂಚರಾಗಿ ಹೆಬ್ಬೆಟ್ಟು ಒತ್ತಿದರು, ದೌಲತರಾಯ ಸಹಿ ಹಾಕಿದ. ಸಾಹೇಬರು ಓದಿ ಹೇಳಿದರು: "ತ್ವಾಟ ಹಕ್ಕಿಗೋಳದ್ದು. ಇಲ್ಲಿ ಕೊಡ್ಲಿ ಹಚ್ಚಂಗಿಲ್ಲ, ಕವಣಿ ಬೀಸಂಗಿಲ್ಲ, ನೆಲ ಅಗಿಯಂಗಿಲ್ಲ."

"ಸಾಹೇಬ್ರ, ನೆಲ... ಒಂದೇ ಒಂದು ಕುಣಿ ಬೇಕಾಗ್ತದರಿ. ನನ್ನ ಅಳತೀದು. ನಾ ಸತ್ತಾಗ."

"ಒಂದೂ ಗೋರಿ ಇಲ್ಲದ ಜಾಗಾದಾಗ ನಿಮ್ಮ ಗೋರಿಗೆ ಪರವಾನಗಿ ಹ್ಯಾಂಗ ಕೊಡ್ಲಿ?" ಸಾಹೇಬರು ಕಾಗದ ಮಡಚಿದರು. "ಒಂದು ಗೋರಿ ಇದ್ದಿದ್ರ ಇಷ್ಟೆಲ್ಲಾ ಬೇಕಾಗೇ ಇರಲಿಲ್ಲ ಗೌಡ್ರ. ಗೋರಿ ಇದ್ದ ತ್ವಾಟಕ್ಕ ಕೊಡ್ಲಿ ಹಚ್ಚಬ್ಯಾಡ್ರಿ ಅಂತ ಮೊದಲೇ ಹುಕುಂ ಅದ. ನಿಮ್ಮ ನಸೀಬ ಚಲೋ, ಹಕ್ಕಿ ಇದ್ವು."

ದೌಲತರಾಯ ಗದ್ದುಗೆಯ ಪಕ್ಕ, ತಾನು ಅಳತೆ ಮಾಡಿಟ್ಟ ಜಾಗದಲ್ಲಿ ಹೋಗಿ ಕೂತ. ಸಕ್ಕುಬಾಯಿ ಕೋಳಿ ಎಣಿಸಿಕೊಂಡು ಮನೆಗೆ ಹೋದಳು.

ಸೆಪ್ಟೆಂಬರಿನಲ್ಲಿ ಗಡಿಯಾಚೆಯಿಂದ ದಂಡು ಬಂತು, ಸಂಸ್ಥಾನದ ಹಳೆಯ ಸರಕಾರ ಹೋಯಿತು. ಅದರ ಕಾಗದಗಳೂ ಹೋದವು ಎಂದು ದೌಲತರಾಯ ಜೀವ ಹಿಡಿದುಕೊಂಡಿದ್ದ. ಚಳಿ ಬೀಳುವ ಹೊತ್ತಿಗೆ ಹೊಸ ಸಾಹೇಬರು ಅದೇ ಕಾಗದ ಹಿಡಿದು, 'ಸಾರ್ವಜನಿಕ ಹಕ್ಕಿಬನ' ಎಂಬ ಹಲಗೆಯನ್ನೂ ಬರೆಸಿಕೊಂಡು ಬಂದರು. ಯಾರದಾದರೂ ತಕರಾರಿದೆಯೇ ಎಂದು ಕೇಳಿದರು. ದೌಲತರಾಯ ಜನರನ್ನು ತಳ್ಳಿಕೊಂಡು ಮುಂದೆ ಬಂದು, ನಾಚಿಕೆ ಬಿಟ್ಟು ಅಳುತ್ತ, ಎಲ್ಲ ನಿಜ ಹೇಳಿದ.

ಸಾಹೇಬರು ಪಂಚರನ್ನು ಕರೆಸಿದರು. "ಸರಕಾರಿ ಕಾಗದದಲ್ಲಿ ಸುಳ್ಳು ಬರೆಸಿದ್ದರೆ ಮೂರೂ ಮಂದಿ ಜೇಲಿಗೆ ಹೋಗುತ್ತೀರಿ. ಈಗ ಹೇಳಿ, ಅದು ಗೋರಿಯೋ, ಕಟ್ಟೆಯೋ?"

ಮಾಳಿಂಗಪ್ಪ ತನ್ನ ಕಾಲು ನೋಡಿಕೊಂಡ. ಸಕ್ಕುಬಾಯಿ ಸೆರಗಿನಿಂದ ಕಣ್ಣೊರಸಿಕೊಂಡಳು. "ಮಾಮಾಗ ವಯಸ್ಸಾಗ್ಯಾದ್ರಿ ಸಾಹೇಬ್ರ, ಹೆಂಡ್ತಿ ನೆಪ್ಪಿಗೆ ತಲಿ ಕೆಟ್ಟದ. ಅದು ಕಾಳು ಹಾಕೋ ಕಟ್ಟೀನೇ."

ಸಾಹೇಬರು 'ತಕರಾರು ಇಲ್ಲ' ಎಂದು ಬರೆದುಕೊಂಡರು. ಹೊರಡುವಾಗ ಮುದುಕನ ಮೇಲೆ ಕನಿಕರ ಹುಟ್ಟಿ, ದಿನಾ ಮುಂಜಾನೆ ಆ ಕಟ್ಟೆಯ ಮೇಲೆ ಹಕ್ಕಿಗಳಿಗೆ ಕಾಳು ಹಾಕುವ ಕೆಲಸವನ್ನು ಅವನಿಗೇ ಕೊಟ್ಟು ಹೋದರು.