ಅಣ್ಣನ ದನಿಗೊಂದು ಡಬ್ಬಿ

ನನ್ನ ಮೈದುನನಿಗೆ ಹೆಣ್ಣು ಗೊತ್ತು ಮಾಡಲು ನಮಗೆ ಹಿಡಿದದ್ದು ಒಂದೇ ಒಂದು ಸಂಜೆ. ಚಿಕ್ಕನಾಯಕನಹಳ್ಳಿಗೆ ಹೋದೆವು, ಉಪ್ಪಿಟ್ಟು ತಿಂದೆವು, ಹುಡುಗಿಯನ್ನು ನೋಡಿದೆವು. ಬಸ್ಸು ತಿಪಟೂರು ಮುಟ್ಟುವುದರೊಳಗೆ ಪುಣ್ಯಾತ್ಮ 'ಆಗಬಹುದು' ಅಂದುಬಿಟ್ಟ. ಅದೇ ಮನುಷ್ಯ ಒಂದು ಡಬ್ಬಿ ಆರಿಸಲು ತೆಗೆದುಕೊಂಡದ್ದು ಎರಡು ವರ್ಷ! ಚಿನ್ನದ ಡಬ್ಬಿಯೇನಲ್ಲ ಕಣ್ರೀ. ತಗಡಿನದು. ಮುಂದೆ ಎಂಟು ಪುಟ್ಟ ದೀಪ, ಹಿಂದೆ ಎಂಟು ತೂತು. ಅವನ ಹೆಂಡತಿಗೆ ಈ ಲೆಕ್ಕ ಇಂದಿಗೂ ಪೂರ್ತಿ ಜೀರ್ಣವಾಗಿಲ್ಲ.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಪಿಯಾನೋ ಕಲಿತು, ಕ್ವಾಯರಿನಲ್ಲಿ ಹಾಡಿ, ನೇರ ಬಂದು ಬಿದ್ದದ್ದು ತಿಪಟೂರಿನ ಕೊಬ್ಬರಿ ವ್ಯಾಪಾರದ ಮನೆಗೆ. ಬರುವಾಗ ಒಂದು ರೇಡಿಯೋ ತಂದಿದ್ದೆ. ಮದುವೆಯ ಮಾರನೆಯ ದಿನ ಚಡ್ಡಿ ಹಾಕಿಕೊಂಡಿದ್ದ ಈ ಮೈದುನ ಅದನ್ನು ಪೂರ್ತಿ ಬಿಚ್ಚಿ, ಬಹಳ ಬೇಸರದಿಂದ ಬಂದು ವರದಿ ಕೊಟ್ಟಿದ್ದ. "ಅತ್ಗೆ, ಒಳಗೆ ಯಾರೂ ಇಲ್ಲ!" ಆಗಲೇ ನನಗೆ ಹಿಂಟ್ ಸಿಗಬೇಕಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮದರಾಸಿನ ಯಾವುದೋ ಹಳೆಯ ಸ್ಟುಡಿಯೋ ಬಾಗಿಲು ಹಾಕಿತು. ಕಾಯಿ ಇಳಿಸಿ ಬರುವ ನಮ್ಮ ಲಾರಿಯಲ್ಲಿ ಇವನು ಅಲ್ಲಿಂದ ಒಂದು ಕನ್ಸೋಲ್ ಹೇರಿಸಿಕೊಂಡು ಬಂದ. ಇಪ್ಪತ್ನಾಲ್ಕು ಚಾನೆಲ್ಲಿನದು, ಎಂದರೆ ಇಪ್ಪತ್ನಾಲ್ಕು ಜನರ ದನಿಯನ್ನು ಬೇರೆ ಬೇರೆಯಾಗಿ ಹಿಡಿದು, ಏರಿಸಿ ಇಳಿಸಿ, ಹದ ಮಾಡಬಲ್ಲ ಮೇಜು. ನಮ್ಮ ಊಟದ ಟೇಬಲ್ಲಿಗಿಂತ ದೊಡ್ಡದು, ಎಮ್ಮೆಗಿಂತ ಭಾರ. ಆರು ಜನ ಹಮಾಲಿಗಳು ಇಳಿಸಿದರು. ಅವರ ಮುಖ್ಯಸ್ಥ ಕರಿಯಣ್ಣ ಬೆವರು ಒರೆಸಿಕೊಂಡು, ಆ ಸಾವಿರ ಗುಂಡಿಗಳನ್ನು ನೋಡಿ, "ಬುದ್ದಿ, ಇದು ಹಾರ್ತದಾ?" ಎಂದು ಕೇಳಿದ.

ಹಾರಲಿಲ್ಲ. ಹಾಲ್ಕುರಿಕೆ ರಸ್ತೆಯ ನಮ್ಮ ಹಳೆಯ ಕೊಬ್ಬರಿ ಗೋಡೌನಿನಲ್ಲಿ ಕೂತಿತು. ಗೋಡೆಗೆಲ್ಲ ತೆಂಗಿನ ನಾರು ತುಂಬಿ, ನಡುವೆ ಒಂದು ಗಾಜು ಕೂರಿಸಿ, ಆಚೆ ಹಾಡುವವರು, ಈಚೆ ಇವನು. ದಟ್ ವಾಸ್ ಹಿಸ್ ಸ್ಟುಡಿಯೋ. ಕನ್ಸೋಲಿನ ಜೊತೆಗೆ ಬಂದಿದ್ದ ದೊಡ್ಡ ಟೇಪಿನ ಮೆಷಿನ್ನು ವರ್ಷದೊಳಗೆ ಪ್ರಾಣ ಬಿಟ್ಟಿತು. ಅದಕ್ಕೆ ಟೇಪೂ ಸಿಗುತ್ತಿರಲಿಲ್ಲ. ಇನ್ನು ಕಂಪ್ಯೂಟರಿಗೇ ರೆಕಾರ್ಡ್ ಮಾಡಬೇಕು, ಅದಕ್ಕೆ ನಡುವೆ ಕನ್ವರ್ಟರ್ ಬೇಕು, ಇಂಟರ್‌ಫೇಸ್ ಬೇಕು ಎಂದು ಶುರು ಮಾಡಿದ.

"ಅದೆಲ್ಲ ಏನಪ್ಪಾ?" ಎಂದು ನಾನು ಕೇಳಿದ್ದೇ ತಪ್ಪಾಯಿತು.

"ನೋಡಿ ಅತ್ಗೆ. ಕನ್ಸೋಲಿಂದ ಬರೋ ದನಿ ಹಸಿ ಕಾಯಿ ಇದ್ದಂಗೆ. ಕಂಪ್ಯೂಟ್ರು ಹಸಿ ಕಾಯಿ ಮುಟ್ಟಲ್ಲ. ಅದಕ್ಕೆ ಕೊಬ್ರಿನೇ ಬೇಕು, ಬರೀ ಅಂಕಿ. ಕಾಯಿನ ಕೊಬ್ರಿ ಮಾಡೋದು ಯಾವ್ದು?"

"ಅಟ್ಟ," ಎಂದೆ. ನಮ್ಮಲ್ಲಿ ಕಾಯಿ ವರ್ಷವಿಡೀ ಅಟ್ಟದ ಮೇಲೆ ಕೂತೇ ಒಣಗಿ ಕೊಬ್ಬರಿಯಾಗುವುದು.

"ಅದೇ ಕನ್ವರ್ಟರು! ಕೊಬ್ರಿನ ಮಂಡಿಗೆ ಹೊತ್ಕೊಂಡು ಹೋಗೋ ಗಾಡಿ ಐತಲ್ಲ, ಅದು ಇಂಟರ್‌ಫೇಸು. ಅಟ್ಟ ಸರಿ ಇಲ್ದಿದ್ರೆ ಕೊಬ್ರಿ ಕೊಳೀತದೆ ಕಣತ್ಗೆ."

ಇಷ್ಟು ಚೆನ್ನಾಗಿ ನನಗೆ ಫಿಸಿಕ್ಸ್ ಹೇಳಿಕೊಟ್ಟ ಸಿಸ್ಟರ್ ಒಬ್ಬರೂ ಇರಲಿಲ್ಲ. ಆದರೆ ಅಟ್ಟವನ್ನು ಆರಿಸುವುದು? ಕ್ಯಾಟಲಾಗುಗಳು ಬಂದವು. ಒಂದು ಡಬ್ಬಿಗೆ ಎಂಟೇ ತೂತು. ಕನ್ಸೋಲಿಗೆ ಇಪ್ಪತ್ನಾಲ್ಕು ಚಾನೆಲ್. ಹಾಗಾದರೆ ಮೂರು ಡಬ್ಬಿ. ಮೂರಕ್ಕೂ ಒಂದೇ ಗಡಿಯಾರ ಇರಬೇಕಂತೆ. ಒಂದೊಂದೂ ತನ್ನ ಗಡಿಯಾರ ನೋಡಿಕೊಂಡು ನಡೆದರೆ ಹಾಡಿನ ನಡುವೆ ಟಿಕ್ ಟಿಕ್ ಎಂದು ಹಲ್ಲಿ ಲೊಚಗುಟ್ಟುತ್ತದಂತೆ. ಒಳಗೆ ಹೋದದ್ದು ಮತ್ತೆ ಕನ್ಸೋಲಿಗೆ ವಾಪಸು ಬರಲು ಇನ್ನೂ ಇಪ್ಪತ್ನಾಲ್ಕು ದಾರಿ. ಅಮ್ಮಸಂದ್ರದಿಂದ ಒಂದು ಭಜನೆ ತಂಡ ತಾಳ ತಂಬೂರಿ ಹೊತ್ತು ಮೂರು ಸಲ ಬಂತು. ಮೂರು ಸಲವೂ "ಡಬ್ಬಿ ಗೊತ್ತಾದ್ಮೇಲೆ ಬನ್ನಿ" ಎಂದು ಕಾಫಿ ಕೊಟ್ಟು ಕಳಿಸಿದ. ನಾಲ್ಕನೆಯ ಸಲ ಅವರು ತಾಳವಿಲ್ಲದೆ ಬಂದರು, ಬರೀ ಕಾಫಿಗೆ!

ಹೀಗೆ ನಗುತ್ತಾ ಎರಡು ವರ್ಷ ಕಳೆದೆವು. ಆಮೇಲೆ ನಗು ನಿಂತಿತು.

ನಮ್ಮ ಯಜಮಾನರದು ದೊಡ್ಡ ದನಿ. ಮಂಡಿಯ ಮೆಟ್ಟಿಲ ಮೇಲೆ ನಿಂತು "ಕರಿಯಣ್ಣಾ" ಎಂದರೆ ರೈಲ್ವೆ ಗೇಟಿನ ಆಚೆ ಬೀಡಿ ಸೇದುತ್ತಿದ್ದ ಕರಿಯಣ್ಣ ಬೀಡಿ ಎಸೆಯುತ್ತಿದ್ದ. ಆ ದನಿ ಒಡೆಯಿತು. ಕಷಾಯ, ಜೇನುತುಪ್ಪ ಎಲ್ಲ ಆದಮೇಲೆ ಬೆಂಗಳೂರಿನ ಡಾಕ್ಟರು ನೋಡಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ ಎಂದರು. ಆಪರೇಷನ್ನಿಗೆ ಮೂರು ವಾರ ಇತ್ತು. ಆಮೇಲೆ ಮಾತಿಲ್ಲ.

ಮನೆಗೆ ಬಂದವರೇ ನಮ್ಮವರು ಎಂದಿನಂತೆ ಮಂಡಿಗೆ ಹೋದರು. ಮೈದುನ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ.

"ಅಣ್ಣನ ದನಿ ಹಿಡಿದಿಡ್ಬೇಕು ಅತ್ಗೆ. ಅಷ್ಟರೊಳಗೆ."

"ಟೇಪ್ ರೆಕಾರ್ಡರ್ ಇದೆಯಲ್ಲ, ಇವತ್ತೇ ಮಾಡೋಣ."

"ಆ ಡಬ್ಬಾದಲ್ಲಾ? ಅಣ್ಣನ ದನಿ ಮೇಲೆ ಬುಸ್ ಅಂತ ಹಾವು ಕೂತಿರುತ್ತೆ. ಬ್ಯಾಡ. ಒಳ್ಳೇದ್ರಲ್ಲೇ ಆಗ್ಬೇಕು."

ಎರಡೇ ದಿನದಲ್ಲಿ ಬೆಂಗಳೂರಿನ ಅಂಗಡಿಯಿಂದ ಎರಡು ಡಬ್ಬಿ ಟ್ರಯಲ್ ಮೇಲೆ ತಂದ. ಒಂದು ಕರಿಯದು, ಒಂದು ಬೆಳ್ಳಿ ಬಣ್ಣದ್ದು. ಒಂದು ಇಟ್ಟುಕೊಳ್ಳಬೇಕು, ಒಂದು ವಾಪಸು. ಹಾಡಿನ ಮಾತು ಆಮೇಲೆ. ಈಗ ಒಂದು ಮೈಕು, ಒಂದು ದನಿ, ಒಂದು ಡಬ್ಬಿ ಸಾಕು. ಐ ಥಾಟ್, ಇನ್ನೇನು, ಸಂಜೆಗೆ ಮುಗಿಯಿತು!

ಅವನು ಪರೀಕ್ಷೆ ಇಟ್ಟ. ನಮ್ಮ ಕಡೆ ಕಾಯಿ ಒಣಗಿತೋ ಇಲ್ಲವೋ ಎಂದು ಯಾರೂ ಒಡೆದು ನೋಡುವುದಿಲ್ಲ. ವರ್ಷ ಅಟ್ಟದ ಮೇಲಿದ್ದ ಕಾಯನ್ನು ಕಿವಿಯ ಪಕ್ಕ ಅಲ್ಲಾಡಿಸುತ್ತಾರೆ. ನೀರಿಂಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಒಳಗೆ ಗಟಗಟ ಎನ್ನುತ್ತದೆ. ಮೈಕಿನ ಮುಂದೆ ಅಂಥ ಕಾಯಿ ಅಲ್ಲಾಡಿಸಿ, ಎರಡು ಡಬ್ಬಿಯಲ್ಲೂ ರೆಕಾರ್ಡ್ ಮಾಡಿ, ಯಾವುದರಲ್ಲಿ ಕಾಯಿ ಕಾಯಿಯಂತೆ ಕೇಳುತ್ತದೆ ಎಂದು ನಾವು ಹೇಳಬೇಕು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು. ಅದಕ್ಕೆ ದನದ ಸಂತೆಯ ಪದ್ಧತಿ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳದೆ ಟವಲಿನ ಕೆಳಗೆ ಬೆರಳು ಒತ್ತಿ ತಿಳಿಸುತ್ತಾರಲ್ಲ, ಹಾಗೆ. ಕರಿಯದಕ್ಕೆ ಒಂದು ಬೆರಳು, ಬೆಳ್ಳಿಯದಕ್ಕೆ ಎರಡು.

ಕಾನ್ವೆಂಟಿನಲ್ಲಿ ಓದಿದ ನಾನು ಟವಲಿನ ಕೆಳಗೆ ಕೈಯಿಟ್ಟು ಎರಡು ಬೆರಳು ಒತ್ತಿದೆ. ನಮ್ಮವರು ಒಂದು. ಕರಿಯಣ್ಣ ಎರಡು.

ಕರಿಯಣ್ಣನಿಗೆ ಸಂಶಯವೇ ಇರಲಿಲ್ಲ. "ಬೆಳ್ಳೀದು ಚೆಂದಾಗಿ ಒಣಗೈತೆ ಬುದ್ದಿ. ಕರೀದ್ರಲ್ಲಿ ಇನ್ನೂ ನೀರೈತೆ."

"ನಿನ್ ಕಿವೀಲಿ ನೀರೈತೆ ಕಣ್ಲಾ," ಎಂದರು ನಮ್ಮವರು, ಆ ಒಡೆದ ದನಿಯಲ್ಲೇ.

ಮೂರು ದಿನ ಈ ಜಗಳ ನಡೆಯಿತು. ನಾಲ್ಕನೆಯ ದಿನ ಮೈದುನ ಮುಖ ಸಣ್ಣದು ಮಾಡಿಕೊಂಡು ಬಂದ. ಬೆಳ್ಳಿ ಡಬ್ಬಿಗೆ ಕೇಬಲ್ಲೇ ಹಾಕಿರಲಿಲ್ಲವಂತೆ! ಎರಡು ಸಲವೂ ನಾವು ಕೇಳಿದ್ದು ಕರಿಯದನ್ನೇ. ನನಗೆ ನಾಚಿಕೆಯಾಯಿತು. ಕರಿಯಣ್ಣನಿಗೆ ಏನೂ ಆಗಲಿಲ್ಲ. ಬಹಳ ಹೊತ್ತು ಯೋಚಿಸಿ, "ಆದ್ರೂ ಬುದ್ದಿ, ಎಲ್ಡನೇ ಸಲ ಒಣಗಿತ್ತು," ಎಂದ.

ಆಮೇಲೆ ಹೆಡ್‌ಫೋನಿನ ರಾಮಾಯಣ. ನಮ್ಮವರನ್ನು ಗಾಜಿನ ಆಚೆ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದ. ಅವರು "ಒಂದು" ಎಂದರು. ಅವರ ದನಿ ಕಂಪ್ಯೂಟರಿನೊಳಗೆ ಹೋಗಿ ಸುತ್ತಿಕೊಂಡು, ರೆಪ್ಪೆ ಬಡಿಯುವಷ್ಟು ತಡವಾಗಿ ಅವರ ಕಿವಿಗೆ ಬಂತು.

"ಲೇ, ಯಾವನ್ಲಾ ಅವನು ನನ್ನ ಅಣಕಿಸೋನು?"

"ಅದು ನೀನೇ ಕಣಣ್ಣ."

"ನಾನಾ? ಹಂಗಾರೆ ಮೊದ್ಲು ಅವನು ಮುಗಿಸ್ಲಿ ಬುಡು. ಆಮೇಲೆ ನಾ ಹೇಳ್ತೀನಿ."

ಎಂದವರೇ ಕೈಕಟ್ಟಿ, ಬಹಳ ಮರ್ಯಾದೆಯಿಂದ, ತಮಗಾಗಿ ತಾವೇ ಕಾಯುತ್ತಾ ಕೂತರು. ನಾವೆಲ್ಲ ನಕ್ಕೆವು. ಮೈದುನ ನಗಲಿಲ್ಲ. ಕಂಪ್ಯೂಟರಿನವರೆಗೆ ಕಳಿಸದೆ ಕನ್ಸೋಲಿನಿಂದಲೇ ನೇರ ಹೆಡ್‌ಫೋನಿಗೆ ಕೊಟ್ಟರೆ ಆ ತಡ ಇರುವುದಿಲ್ಲ ಎನ್ನುವುದು ಅವನಿಗೆ ಹೊಳೆಯಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನದಲ್ಲಿ ನಮ್ಮವರ ದನಿ ಇನ್ನಷ್ಟು ಕುಗ್ಗಿತ್ತು. ಬೆಳಿಗ್ಗೆ ಸ್ವಲ್ಪ ಇರುತ್ತಿತ್ತು, ಸಂಜೆಗೆ ಗಾಳಿ ಮಾತ್ರ.

ಉಳಿದ ದಿನಗಳೂ ಹಾಗೇ ಹೋದವು. ಇವತ್ತು ಕರಿಯದು, ನಾಳೆ ಬೆಳ್ಳಿಯದು. ಕರಿಯದರಲ್ಲಿ ಕೆಂಪು ದೀಪ ಹತ್ತುತ್ತೆ, ಬೆಳ್ಳಿಯದರಲ್ಲಿ ಏನೋ ಗುಂಯ್ ಅನ್ನುತ್ತೆ. "ಇನ್ನೊಂದ್ ದಿನ ಕೊಡಿ ಅತ್ಗೆ." ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ತಡೆಯಲಾರದೆ, ಅವನಿಗೆ ಅರ್ಥವಾಗುತ್ತದೋ ಇಲ್ಲವೋ ನೋಡದೆ, "ಫಾರ್ ಹೆವನ್ಸ್ ಸೇಕ್, ಚೂಸ್ ಒನ್!" ಎಂದು ಕೂಗಿಬಿಟ್ಟೆ. ಅವನು ತಲೆ ತಗ್ಗಿಸಿ ಕೇಬಲ್ ಸುತ್ತುತ್ತಾ ನಿಂತ.

ಬೆಂಗಳೂರಿಗೆ ಹೊರಡುವ ಹಿಂದಿನ ದಿನ, ಮಧ್ಯಾಹ್ನ, ನಮ್ಮವರು ತಾವಾಗಿಯೇ ಗೋಡೌನಿಗೆ ನಡೆದರು. ನಾನೂ ಹಿಂದೆ ಹೋದೆ. ಗಾಜಿನ ಆಚೆ ಹೋಗಿ, ಮೈಕಿನ ಮುಂದೆ ಕೂತು, ಹೆಡ್‌ಫೋನ್ ಹಾಕಿಕೊಂಡರು. "ಯಾವ್ದಾದ್ರೂ ಒಂದ್ ಹಾಕ್ಲಾ," ಎಂದರು.

ಮೈದುನ ಹಾಕಿದ. ದೀಪ ಹತ್ತಿತು. ಇನ್ನು ರೆಕಾರ್ಡ್ ಎನ್ನುವ ಗುಂಡಿ ಒತ್ತಬೇಕು, ಅಷ್ಟೆ. ಅವನ ಬೆರಳು ಗುಂಡಿಯ ಮೇಲೆಯೇ ನಿಂತಿತು. ನಾನು ಕಾದೆ.

"ಏನಾಯ್ತೋ? ಕೆಟ್ಟಿದೆಯಾ?"

"ಇಲ್ಲ ಅತ್ಗೆ." ಅವನು ನನ್ನತ್ತ ತಿರುಗಲಿಲ್ಲ. "ಎಲ್ಡೂ ಚೆನ್ನಾಗೇ ಅವೆ. ಮೊದ್ಲಿಂದ್ಲೂ ಚೆನ್ನಾಗೇ ಅವೆ. ಇದನ್ನ ಒತ್ಬುಟ್ರೆ... ಇನ್ನು ಅಣ್ಣ ಮಾತಾಡಲ್ಲ ಅಂತ ನಾನೇ ಒಪ್ಕೊಂಡಂಗೆ ಆಗುತ್ತೆ ಕಣತ್ಗೆ."

ಕನ್ಸೋಲಿನ ಮೇಲೆ ಟಾಕ್‌ಬ್ಯಾಕ್ ಎಂದು ಒಂದು ಗುಂಡಿ ಇದೆ. ಅದನ್ನು ಒತ್ತಿ ಹಿಡಿದು ಈಚೆಯವರು ಮಾತಾಡಿದರೆ ಒಳಗಿದ್ದವರ ಹೆಡ್‌ಫೋನಿಗೆ ಕೇಳುತ್ತದೆ. ರೆಕಾರ್ಡಿಗೆ ಮಾತ್ರ ಹೋಗುವುದಿಲ್ಲ. ಅವನ ಎಡಗೈ ಅದರ ಮೇಲಿತ್ತು. ನಮ್ಮವರಿಗೆ ಎಲ್ಲ ಕೇಳಿಸಿತ್ತು.

ರೆಕಾರ್ಡ್ ಗುಂಡಿ ಒತ್ತಿದವಳು ನಾನು.

"ಬೆಳಗಿಂದ ಏನೂ ತಿಂದಿಲ್ಲ ನೀನು," ಎಂದರು ನಮ್ಮವರು ಸ್ಪೀಕರಿನಲ್ಲಿ. ಕನ್ಸೋಲಿನ ಹದದಲ್ಲಿ ಆ ಒಡಕು ದನಿಗೂ ಒಂದು ಮೈ ಇತ್ತು. "ಅಳ್ಬ್ಯಾಡ ಬುಡ್ಲಾ. ನಾನೇನ್ ಸಾಯ್ತಾ ಇದೀನಾ? ತಟ್ಟೆ ಮುಚ್ಚಿಟ್ಟವ್ರೆ, ಹೋಗಿ ಉಣ್ಣು. ಹೋಗು."

ಅವನು ಎದ್ದು ಹೋದ. ಬಾಗಿಲು ಮುಚ್ಚಿತು. ನಾನೊಬ್ಬಳೇ ಆ ಸಾವಿರ ಗುಂಡಿಗಳ ಮುಂದೆ. ನಿಲ್ಲಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಟಾಕ್‌ಬ್ಯಾಕನ್ನು ಒತ್ತಿ ಹಿಡಿದು ಕೂತೆ. ನಾವಿಬ್ಬರೂ ಮಾತಾಡಿದೆವು. ಮೂವತ್ತು ವರ್ಷದ ದಾಂಪತ್ಯದಲ್ಲಿ ಗಾಜಿನ ಈಚೆ ಆಚೆ ಕೂತು ಆಡಿದಷ್ಟು ಮಾತನ್ನು ಎದುರೆದುರು ಕೂತು ನಾವು ಆಡಿರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಆಮೇಲೆ ಆರು ವರ್ಷ, ಸ್ಲೇಟಿನ ಮೇಲೆ ಬರೆದು ತೋರಿಸುತ್ತಾ, ನಮ್ಮವರು ಸುಖವಾಗಿಯೇ ಇದ್ದರು, ಮಂಡಿಗೂ ಹೋದರು. ಮೈದುನ ಆಪರೇಷನ್ನಿನ ಮಾರನೆಯ ವಾರವೇ ಎರಡು ಡಬ್ಬಿಗಳಲ್ಲಿ ಕೈಗೆ ಸಿಕ್ಕಿದ್ದನ್ನು ಅಂಗಡಿಗೆ ವಾಪಸು ಕೊಟ್ಟುಬಂದ. ಯಾವುದನ್ನು ಎಂದು ನಾನು ಕೇಳಲಿಲ್ಲ. ಹೇಳಿಕೊಳ್ಳುವಂಥ ವಿಷಯ ಎಂದು ಅವನಿಗೂ ಅನ್ನಿಸಲಿಲ್ಲ.

ಈಗ ನಮ್ಮವರಿಲ್ಲ. ತಿಂಗಳಿಗೊಮ್ಮೆಯಾದರೂ ನಾನು ಗೋಡೌನಿಗೆ ಹೋಗುತ್ತೇನೆ. ಮೈದುನ ಏನೂ ಕೇಳದೆ ಕುರ್ಚಿ ಒರೆಸಿ, ಅವತ್ತಿನ ರೆಕಾರ್ಡನ್ನು ಹಾಕುತ್ತಾನೆ. "ಹೋಗಿ ಉಣ್ಣು, ಹೋಗು" ಎಂದು ಅಣ್ಣ ಹೇಳುವಲ್ಲಿಗೆ ಬಂದಾಗ, ಅವನಿಗೂ ಈಗ ತಲೆ ನರೆತಿದೆ ನೋಡಿ, ಎದ್ದು, "ಉಂಡ್ ಬತ್ತೀನಿ ಅತ್ಗೆ," ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾನೆ. ಒಂದು ಸಲವೂ ತಪ್ಪಿಸಿಲ್ಲ.

ಅಲ್ಲಿಂದ ಮುಂದೆ ರೆಕಾರ್ಡಿನಲ್ಲಿ ಅವರ ಮಾತು ಮಾತ್ರ ಇದೆ. ನನ್ನದು ಇಲ್ಲ. "ನೀನೂ ಹೋಗೇ, ಉಣ್ಣು" ಎನ್ನುತ್ತಾರೆ, ಖಾಲಿ. "ಆಮೇಲೆ ಅಂದ್ರೆ ಯಾವಾಗ?" ಎನ್ನುತ್ತಾರೆ, ಮತ್ತೆ ಖಾಲಿ. ಆ ಖಾಲಿಯಲ್ಲಿ ನಾನು ಅವತ್ತಿನ ನನ್ನ ಉತ್ತರಗಳನ್ನು ಹೇಳುತ್ತಾ ಹೋಗುತ್ತೇನೆ. ಒಂದು ಕಡೆ ಖಾಲಿ ಬಹಳ ಉದ್ದ ಇದೆ. ಹೆದರಿಕೆ ಆಗ್ತಿದೆಯೇನ್ರೀ ಎಂದು ನಾನು ಅಲ್ಲಿ ಕೇಳಿದ್ದೆ.

ಮೊನ್ನೆ ಅದರ ಬದಲಿಗೆ ಬೇರೆಯದನ್ನು ಕೇಳಿ ನೋಡಿದೆ. "ಅಲ್ಲಿ ನನ್ನ ನೆನಪು ಬರುತ್ತೇನ್ರೀ?"

"ಹೂಂ," ಎಂದರು. ಒಂದು ಉಸಿರು ಬಿಟ್ಟು, "ಸ್ವಲ್ಪ," ಎಂದರು.