ಮೂಗುಬೊಟ್ಟು ನುಂಗಿದ ಹುಂಜ

ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತನ್ನು ಕರಿಸಿದ್ದಪ್ಪನಷ್ಟು ಅನುಭವಿಸಿದವರು ಕಡೂರು ಸೀಮೆಯಲ್ಲೇ ಇಲ್ಲ. ಎಮ್ಮೆದೊಡ್ಡಿ ಕಾವಲಿನಲ್ಲಿ ಮೂವತ್ತು ವರ್ಷ ದನ ಕಾದವನು. ಕರುವಿಗೆ ಕೊಂಬು ಮೊಳೆಯುವ ಮೊದಲೇ ಅದರ ತಾಯಿ, ಅಜ್ಜಿ, ಮುತ್ತಜ್ಜಿಯ ಜಾತಕ ಹೇಳುವವನು. ಅಂಥ ಪಂಡಿತನನ್ನು ಹೆಂಡತಿ ಹಾಲಮ್ಮ ದಿನಾ ಕೇಳುತ್ತಿದ್ದ ಪ್ರಶ್ನೆ ಒಂದೇ: "ನೀರು ತುಂಬಿದ್ರಾ?"

ಹೀಗಿರುವಾಗ ಯುಗಾದಿಯ ಹೊತ್ತಿಗೆ ಹಾಲಮ್ಮನ ಕೋಳಿ ಒಂಬತ್ತು ಮರಿ ಮಾಡಿತು. ಮರಿಗಳಿಗೆ ತಿಂಗಳು ತುಂಬಿತು.

"ಇದ್ರಲ್ಲಿ ಯಾವ್ದು ಹುಂಜವೋ ಯಾವ್ದು ಯಾಟೆಯೋ, ದೇವ್ರೇ ಬಲ್ಲ" ಎಂದು ಅವಳು ಅಂದದ್ದೇ ತಡ, ಕರಿಸಿದ್ದಪ್ಪ ಎದ್ದು ಕುಳಿತ. (ಬಲ್ಲವನು ಜಗಲಿಯ ಮೇಲೇ ಇರುವಾಗ ದೇವರ ತನಕ ಯಾಕೆ ಹೋಗಬೇಕು?)

ರೆಕ್ಕೆ ಬಿಡಿಸಿ ನೋಡಿದ, ಬಾಲ ಎತ್ತಿ ನೋಡಿದ. ಮರಿಗಳು ಕಿಚಗುಟ್ಟಿದವೇ ಹೊರತು ಗುಟ್ಟು ಬಿಡಲಿಲ್ಲ. ಕೊನೆಗೆ ದಾರದ ಶಾಸ್ತ್ರ ನೆನಪಾಯಿತು. ದಾರಕ್ಕೆ ಚಿನ್ನ ಕಟ್ಟಿ ಮರಿಯ ನೆತ್ತಿಯ ಮೇಲೆ ಇಳಿಬಿಡಬೇಕು. ದುಂಡಗೆ ಸುತ್ತಿದರೆ ಯಾಟೆ, ಅತ್ತಿತ್ತ ನೆಟ್ಟಗೆ ಆಡಿದರೆ ಹುಂಜ. ಮನೆಯಲ್ಲಿದ್ದ ಚಿನ್ನವೆಂದರೆ ಹಾಲಮ್ಮನಿಗೆ ಅವಳ ಅವ್ವ ಕೊಟ್ಟ ಮೂಗುಬೊಟ್ಟು. ತಿರುಪು ಸವೆದಿದೆಯೆಂದು ಗೋಡೆಗೂಡಿನಲ್ಲಿ ಬಿಚ್ಚಿಟ್ಟಿದ್ದಳು. ಹೇಳದೆ ಕೇಳದೆ ಅದನ್ನು ತಂದು, ದಾರಕ್ಕೆ ಕಟ್ಟಿ, ಒಂದು ಕರಿ ಮರಿಯ ಮೇಲೆ ಇಳಿಬಿಟ್ಟ. ಮೂಗುಬೊಟ್ಟು ಸುತ್ತಲೂ ಇಲ್ಲ, ಆಡಲೂ ಇಲ್ಲ. ಮರಿ ಕತ್ತೆತ್ತಿ ಗುಳುಂ ಅನ್ನಿಸಿತು. ಎಳೆದರೆ ಬರೀ ದಾರ ಬಂತು.

"ಅಯ್ಯಯ್ಯೋ, ನಮ್ಮವ್ವನ ಮೂಗುಬೊಟ್ಟು!" ಅವ್ವನ ಗುರುತು ಅಂತ ಉಳಿದಿದ್ದು ಅದೊಂದೇ. ಹಾಲಮ್ಮನ ಕಣ್ಣಲ್ಲಿ ನೀರು ತುಂಬಿತು. ಕರಿಸಿದ್ದಪ್ಪನಿಗೂ ಪಾಪ ಅನ್ನಿಸಿತು. ಆದರೆ ಪಾಂಡಿತ್ಯ ಸುಮ್ಮನಿರಬೇಕಲ್ಲ!

"ಅಳ್ಬೇಡ ಕಣೇ. ಇದು ಹುಂಜ. ಮಾರ್ನೋಮಿಗೆ ಕುಯ್ದ್ರೆ ಹೊಟ್ಟೇಲಿ ಸಿಗ್ತದೆ."

"ಯಾಟೆ ಆದ್ರೆ? ಮೊಟ್ಟೆ ಇಡೋದನ್ನ ನಾನು ಕುಯ್ಯಕ್ ಬಿಡಲ್ಲ."

"ಯಾಟೆ ಆದ್ರೆ ನನ್ನ ಹೆಸ್ರು ಕರಿಸಿದ್ದಪ್ಪ ಅಲ್ಲ!"

"ನೋಡಿ, ನೀವೇ ಅಂದಿದೀರ."

ಮೊದಲ ಮೂರು ದಿನ ಕಡ್ಡಿ ಹಿಡಿದು ಮರಿಯ ಹಿಂದೆಯೇ ಅಲೆದ. ಹಿಕ್ಕೆ ಕೆದಕಿದ್ದಷ್ಟೇ ಬಂತು. ಆಮೇಲೆ ಅದರ ಕಾಲಿಗೆ ಕೆಂಪು ದಾರ ಕಟ್ಟಿ ಮಾರ್ನೋಮಿಗೆ ಕಾದ.

ಜೊತೆಯ ಹುಂಜಗಳು ಕೂಗಲು ಕಲಿತವು. ಕರಿದು ಕೂಗಲಿಲ್ಲ.

"ಇದು ಗಿರಿರಾಜ ಬೆರಕೆ ಕಣೇ, ಗಂಟಲು ಒಡೆಯೋದು ತಡ" ಎಂದ. ಅವುಗಳಿಗೆ ಜುಟ್ಟು ಬಂತು, ಇದಕ್ಕಿಲ್ಲ.

"ಅಸೀಲ್ ರಕ್ತ ಐತೆ, ಜುಟ್ಟು ಮೋಟು" ಎಂದ. ಬಾಲ ಬಾಗದಿದ್ದಾಗ ಅದನ್ನು ಕಡಕ್‌ನಾಥ್ ಮಾಡಿದ. ಮಾರ್ನೋಮಿ ಹೊತ್ತಿಗೆ ಆ ಕೋಳಿಗೆ ಮೂರು ಜಾತಿ ಆಗಿದ್ದವು, ಕೂಗು ಮಾತ್ರ ಒಂದೂ ಇರಲಿಲ್ಲ.

ಹಬ್ಬಕ್ಕೆ ಪಂಚನಹಳ್ಳಿಯಿಂದ ಬೈಕಿನಲ್ಲಿ ಹಾಲಮ್ಮನ ತಮ್ಮ ರವಿಕುಮಾರ ಬಂದ. ಕರಿಸಿದ್ದಪ್ಪ ಮಚ್ಚು ಮಸೆದು, ಭಾವಮೈದುನನ ಎದುರಿಗೇ ಠೀವಿಯಿಂದ ಕೋಳಿ ಮುಚ್ಚಿದ್ದ ಮಂಕರಿ ಎತ್ತಿದ. ಕರಿ ಕೋಳಿ ಕೊಕ್ಕೊಕ್ಕೋ ಎಂದು ಬೈಯುತ್ತಾ ಎದ್ದಿತು. ಅದು ಕೂತಿದ್ದ ಜಾಗದಲ್ಲಿ ಬೆಚ್ಚಗಿನ ಮೊಟ್ಟೆ.

ರವಿಕುಮಾರ ಬಗ್ಗಿ ನೋಡಿದ. "ಭಾವ, ನಿಮ್ಮ ಹುಂಜಕ್ಕೆ ಬಾಣಂತನ ಯಾರು ಮಾಡ್ತಾರೆ?"

ಹಾಲಮ್ಮ ಕೋಳಿಯನ್ನು ಎತ್ತಿಕೊಂಡು ಬೆನ್ನು ಸವರಿದಳು. "ನಮ್ಮವ್ವನ ಮೂಗುಬೊಟ್ಟು ಇಟ್ಕೊಂಡವ್ಳೆ. ಇವ್ಳೂ ಮನೆ ಹೆಣ್ಮಗಳೇ. ಮಚ್ಚು ಒಳಗಿಡಿ." ಸಾರಿಗೆ ಬೇರೆ ಹುಂಜ ಹುಡುಕಿಕೊಟ್ಟವನು ರವಿಕುಮಾರ. ಆರಿಸುವ ಕೆಲಸಕ್ಕೆ ಭಾವನನ್ನು ಯಾರೂ ಕರೆಯಲಿಲ್ಲ.

ಮೂವತ್ತೈದು ವರ್ಷದ ಸಂಸಾರದಲ್ಲಿ ಹಾಲಮ್ಮ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದಳು. ಅಂಥವಳು ಮರುದಿನ ಬೆಳಿಗ್ಗೆ ಹಿತ್ತಲಿನಿಂದ ನಾಲ್ಕು ಮನೆಗೆ ಕೇಳುವಂತೆ ಕೂಗಿದಳು:

"ಕರಿಸಿದ್ದಪ್ಪಾ! ಲೇ ಕರಿಸಿದ್ದಪ್ಪಾ, ಬಾ ಬಾ ಬಾ!"

ಅವನು ಪಂಚೆ ಕಟ್ಟಿಕೊಳ್ಳುತ್ತಾ ಓಡಿಬಂದ. "ಏನೇ?"

ರಾಗಿ ಚೆಲ್ಲುತ್ತಿದ್ದ ಹಾಲಮ್ಮ ತಲೆ ಎತ್ತಲೂ ಇಲ್ಲ.

"ನಿಮ್ಮನ್ನಲ್ಲ ಕಣ್ರೀ. ನೀವೇ ಬೇಡ ಅಂದ್ರಲ್ಲ, ಹೆಸ್ರು ಖಾಲಿ ಬಿದ್ದಿತ್ತು, ಇವ್ಳಿಗಿಟ್ಟೆ. ನೀವು ಹೋಗಿ ನೀರು ತುಂಬಿ."