ಎಡಗೈಗೆ ಸಿಕ್ಕಿದ ಸೀಟು

ಮನೆಯಲ್ಲಿ ಏನಾದರೂ ಕೆಟ್ಟರೆ ಬೇಗ ರಿಪೇರಿಯಾಗಲಿ ಎಂದು ಹಂಬಲಿಸುವ ಹೆಂಗಸು ನಾನು. ಮಿಕ್ಸಿ ಗೊರಗುಟ್ಟಿದರೂ ಅಂದು ನನಗೆ ಊಟ ರುಚಿಸುವುದಿಲ್ಲ. ಆದರೆ ನಮ್ಮ ಕಾರಿನ ಎಡಗಡೆಯ ಇಂಡಿಕೇಟರ್ ಕೆಟ್ಟಾಗ ಮಾತ್ರ, ಅದು ಹಾಗೇ ಇರಲಪ್ಪಾ ಎಂದು ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದ್ದೆ.

ಕಾರಣ, ಮುಂದಿನ ಸೀಟು. ಮಧುಗಿರಿಯಿಂದ ನಾವು ಎಲ್ಲಿಗೆ ಹೊರಟರೂ ಯಜಮಾನರ ಅಕ್ಕ, ಅಂದರೆ ನಮ್ಮ ಅತ್ತಿಗೆ, ಜೊತೆಗಿರುತ್ತಾರೆ. "ಹಿಂದೆ ಕುಂತ್ರೆ ಹೊಟ್ಟೆ ತೊಳಸ್ತದೆ ಕಣಮ್ಮ" ಎನ್ನುತ್ತಾ ಮುಂದೆ ಹತ್ತಿ ಕೂರುತ್ತಾರೆ. ಕಾರು ಕೊಂಡಾಗಿನಿಂದ ನಾನು ಕಂಡಿರುವುದು ಅವರ ತುರುಬು, ಅದರಾಚೆ ಅಷ್ಟಿಷ್ಟು ರಸ್ತೆ. ಸಿದ್ದರಬೆಟ್ಟವನ್ನೂ ಆ ತುರುಬಿನ ಪಕ್ಕದಿಂದಲೇ ಇಣುಕಿ ನೋಡಿದವಳು ನಾನು.

ಇಂಡಿಕೇಟರ್ ಕೆಟ್ಟ ಮೇಲೆ, ಎಡಕ್ಕೆ ತಿರುಗುವಾಗ ಮುಂದೆ ಕೂತವರು ಕೈ ಹೊರಗೆ ಚಾಚಬೇಕಾಯಿತು. ಅತ್ತಿಗೆ ಎರಡೇ ಎರಡು ಬೆರಳು ಚಾಚಿ, "ಬಸ್ ತಗುಲಿ ಬಳೆ ಒಡೆದ್ರೆ ಯಾರ್ ತಂದ್ಕೊಡ್ತಾರೆ" ಎಂದು ಒಳಗೆ ಎಳೆದುಕೊಂಡರು. ಹಿಂದಿದ್ದ ಟೆಂಪೋದವನು ಬೈದುಕೊಂಡೇ ಮುಂದೆ ಹೋದ. ಯಜಮಾನರು ಕಾರು ಪಕ್ಕಕ್ಕೆ ನಿಲ್ಲಿಸಿ, "ಅಕ್ಕ, ನೀನು ಹಿಂದೆ ಕುಂತ್ಕೋ. ಇವ್ಳು ಬರ್ಲಿ" ಎಂದರು. ಹೀಗೆ ನನಗೆ ಪಟ್ಟಾಭಿಷೇಕವಾಯಿತು.

ನಾನು ಮೊಣಕೈವರೆಗೂ ಚಾಚುತ್ತಿದ್ದೆ. ಒಮ್ಮೆ ಮದಲೂರಿನ ಹತ್ತಿರ ಹಾಗೆ ಕೈ ಆಡಿಸಿದಾಗ, ಬಸ್ಸಿಗೆ ಕಾದಿದ್ದ ಅಜ್ಜಿಯೊಬ್ಬರು ತಮ್ಮನ್ನೇ ಕರೆದರೆಂದು ತಿಳಿದರು. ತಿರುವಿನಲ್ಲಿ ಕಾರು ನಿಧಾನವಾದದ್ದೇ ತಡ, ಹಿಂದಿನ ಬಾಗಿಲು ತೆಗೆದು ಅವರೆಕಾಯಿ ಚೀಲದ ಸಮೇತ ಕೂತುಬಿಟ್ಟರು. ನಾನು ಕರೆದದ್ದಲ್ಲ ಎಂದು ವಿವರಿಸಿದರೆ, "ಅಂಗಂದ್ರೆ ಆಯ್ತದಾ? ಕರ್ದುಬುಟ್ಟೆ, ಹತ್ತಿಬುಟ್ಟೆ. ಸಿರಾದಾಗೆ ಇಳಿಸ್ಬುಡವ್ವ" ಎಂದರು. ಅತ್ತಿಗೆಗೆ ಮಾತಿಗೆ ಜನ ಸಿಕ್ಕಂತಾಯಿತು. ಸಿರಾವರೆಗೂ ಹೊಟ್ಟೆ ತೊಳಸಲೇ ಇಲ್ಲ. ಅದನ್ನು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಈ ನಡುವೆ ಯಜಮಾನರು ಬಲ್ಬು ಬದಲಾಯಿಸಿದರು, ಹತ್ತಲಿಲ್ಲ. ಅಂಗೈಯಿಂದ ತಟ್ಟಿದರು, ಮಗು ಬಿಕ್ಕಿದಂತೆ ಎರಡು ಸಲ ಮಿಣುಕಿ ಸುಮ್ಮನಾಯಿತು. "ಪಾಪ, ಬಿಡಿ, ಹಳೇದಾಯ್ತು" ಎಂದೆ. ಅವರು ಬಿಡಲಿಲ್ಲ. ಮುಂದಿನ ಸಲ ಸಿರಾಕ್ಕೆ ಹೋದಾಗ ಮೆಕ್ಯಾನಿಕ್ ಮುಂದೆಯೇ ಕಾರು ನಿಲ್ಲಿಸಿದರು. ಆತ ದೀಪ ಬಿಚ್ಚಿ, "ಬಲ್ಬ್ ಕೂರೋ ಜಾಗ ಜಂಗು ಹಿಡ್ದೈತೆ ಅಕ್ಕ. ಉಜ್ಜಿದ್ರೆ ಸರಿ" ಎಂದ.

"ಇನ್ನೊಂದಿನ ಮಾಡಿದ್ರೆ ಆಗಲ್ವಾ?"

ಆತ ನನ್ನ ಮುಖವನ್ನೇ ನೋಡಿದ. "ಆಗೋಯ್ತಲ್ಲ ಅಕ್ಕ."

ಟಿಕ್ ಟಿಕ್ ಸದ್ದು ಕೇಳಿದ್ದೇ ಅತ್ತಿಗೆ ಸೆರಗು ಸರಿಮಾಡಿಕೊಂಡು ಮುಂದಿನ ಬಾಗಿಲ ಬಳಿ ಬಂದು ನಿಂತರು. ನಾನು ಕೊನೆಯ ಅಸ್ತ್ರ ಬಿಟ್ಟೆ. "ಅವತ್ತು ಹಿಂದೆ ಕೂತಿದ್ರೂ ನಿಮಗೇನೂ ಆಗ್ಲಿಲ್ವಲ್ಲ ಅತ್ತಿಗೆ."

"ಅವತ್ತು ಆ ಅಜ್ಜಿ ಮಾತಾಡಿಸ್ತಿತ್ತು ಕಣಮ್ಮ. ನೀನೆಲ್ಲಿ ಮಾತಾಡಿಸ್ದೆ? ಮುಂದೆ ಕುಂತ್ಕಂಡು ರೋಡೇ ನೋಡ್ತಿದ್ದೆ."

ಇಳಿದು ಹಿಂದೆ ಕೂತೆ.

ಮಧುಗಿರಿಯಲ್ಲಿ ನಮ್ಮ ಬೀದಿಯ ತಿರುವು ಬಂತು. ಯಜಮಾನರು ಇಂಡಿಕೇಟರ್ ಹಾಕಿದರು, ಅಭ್ಯಾಸಬಲದಿಂದ "ಎಡಕ್ಕೆ ಕಣೇ" ಎಂದೂ ಅಂದರು. ಅಷ್ಟರಲ್ಲಿ ಹಿಂದಿನ ಕಿಟಕಿಯಿಂದ ನನ್ನ ಕೈ ಮೊಣಕೈವರೆಗೂ ಹೊರಗೆ ಹೋಗಿಯಾಗಿತ್ತು. ಅತ್ತಿಗೆ ಪಕ್ಕದ ಕನ್ನಡಿಯಲ್ಲಿ ಅದನ್ನು ಕಂಡು ನಕ್ಕು ನಕ್ಕು ಸುಸ್ತಾದರು. ಸೀಟು ಹೋಯಿತು, ಕೆಲಸ ಮಾತ್ರ ನನಗೇ ಉಳಿಯಿತು.